‘ರಾಯರ ಕಾಲದ ಕಠಾರಿ’ ಕೊಳ್ಳುವ ಮುನ್ನ: ನಕಲಿಯಾದರೆ ದುಡ್ಡು ಹೋಯ್ತು, ಅಸಲಿಯಾದರೆ ಕೇಸು ಬಂತು

ಹೊಸಪೇಟೆ: ಹಂಪಿ ಸೀಸನ್ ಶುರುವಾದರೆ ವ್ಯಾಪಾರ ಬರೀ ರೂಮು, ಊಟ, ಆಟೋಗೆ ನಿಲ್ಲುವುದಿಲ್ಲ. ನೆನಪಿಗೆ ಅಂತ ಏನಾದರೂ ಒಯ್ಯಬೇಕು ಅನ್ನುವವರು ಬರ್ತಾರೆ, ಅವರಿಗೆ ತೋರಿಸಲು ಹಳೇ ನಾಣ್ಯ, ಹಿತ್ತಾಳೆ ವಿಗ್ರಹ, ತುಕ್ಕು ಹಿಡಿದ ಚಾಕು–ಕಠಾರಿ ಹೊರಬರ್ತವೆ. ಜೊತೆಗೆ ಒಂದು ಕಥೆಯೂ ಇರ್ತದೆ: ಹೊಲ ಹೊಡೆಯುವಾಗ ಸಿಕ್ಕಿತು, ಬಾವಿ ತೋಡುವಾಗ ಸಿಕ್ಕಿತು, ಅಜ್ಜನ ಪೆಟ್ಟಿಗೆಯಲ್ಲಿತ್ತು. ಈಗ ಇದೇ ಕಥೆ ಮೊಬೈಲ್‌ನಲ್ಲೂ ಓಡಾಡುತ್ತಿದೆ. ಫೋಟೋ ಹಾಕಿ ‘ವಿಜಯನಗರ ಪೀಸ್, ಒರಿಜಿನಲ್’ ಅಂದರೆ ಸಾಕು, ಬೆಂಗಳೂರು, ಪುಣೆಯ ಸಂಗ್ರಹಕಾರರು ರೇಟು ಕೇಳ್ತಾರೆ.

ಚಾಕು ಸಂಗ್ರಹಿಸುವುದು ಜಗತ್ತಿನ ಎಲ್ಲ ಕಡೆ ಇರುವ ಹವ್ಯಾಸ. ಅದರ ಹಿಂದೆಯೇ ನಕಲಿ ಮಾಲೂ ಬೆಳೆದಿದೆ. ನಮ್ಮ ಭಾಗದಲ್ಲಿ ಈ ನಕಲಿ ಮೂರು ವೇಷದಲ್ಲಿ ಬರುತ್ತದೆ: ಹಳೆಯದು ಅನ್ನುವ ಹೊಸದು, ‘ಉಕ್ಕು’ ಅನ್ನುವ ಸಾದಾ ಕಬ್ಬಿಣ, ಕಂಪನಿ ಹೆಸರು ಹೊತ್ತ ಡೂಪ್ಲಿಕೇಟ್. ಹೆಚ್ಚು ದುಡ್ಡು ಹೋಗುವುದೂ, ಹೆಚ್ಚು ಕಾನೂನು ತೊಡಕಾಗುವುದೂ ಮೊದಲನೆಯದರಲ್ಲಿ.

ಅಸಲಿ ಕಠಾರಿ ಎಲ್ಲಿವೆ?

ಕಠಾರಿಗೂ ವಿಜಯನಗರಕ್ಕೂ ನಂಟಿರುವುದು ಸುಳ್ಳಲ್ಲ. ಸಾಳುವ ನರಸಿಂಹನಿಗೆ ‘ಕಠಾರಿ ಸಾಳುವ’ ಅನ್ನುವ ಬಿರುದೇ ಇತ್ತು. ರಾಜಲಾಂಛನದಲ್ಲಿ ವರಾಹ, ಸೂರ್ಯ, ಚಂದ್ರರ ಜೊತೆ ಖಡ್ಗವೂ ಇದೆ. ಮಹಾನವಮಿ ದಿಬ್ಬ, ಹಜಾರರಾಮ ಗುಡಿಯ ಗೋಡೆಗಳ ಮೇಲೆ ಆಯುಧ ಹಿಡಿದ ಸೈನಿಕರ ಸಾಲೇ ಇದೆ. ಮಾರುವವನು ಇದನ್ನೆಲ್ಲ ಹೇಳಿದರೆ ಅದು ನಿಜವೇ. ಅದರ ನೆರಳಿನಲ್ಲಿ ತನ್ನ ಕೈಯಲ್ಲಿರುವ ಮಾಲನ್ನೂ ನಿಜ ಮಾಡಿಬಿಡುತ್ತಾನೆ, ಅಲ್ಲೇ ಮೋಸ.

ಆ ಕಾಲದ ಒಳ್ಳೆಯ ಕಠಾರಿಗಳು ಇಂದಿಗೂ ಉಳಿದಿವೆ. ಕೈಬೆರಳು ಕಾಯಲು ಎಲೆಯಂತೆ ಬಾಗಿದ ಮುಚ್ಚಳ ಇರುವ ದಕ್ಷಿಣದ ಕಠಾರಿಗಳಿಗೆ ಸಂಗ್ರಹಕಾರರಲ್ಲಿ ದೊಡ್ಡ ಬೆಲೆ. ಚೆನ್ನೈನ ಸರ್ಕಾರಿ ಮ್ಯೂಸಿಯಂ, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅಂಥವು ಇವೆ. ಆದರೆ ಅವು ಹಂಪಿಯ ಹೊಲದಲ್ಲಿ ಸಿಕ್ಕವಲ್ಲ. ಹೀಗೆ ಉಳಿದವುಗಳಲ್ಲಿ ಬಹಳಷ್ಟು ತಂಜಾವೂರು ಅರಮನೆಯ ಆಯುಧಶಾಲೆಯಲ್ಲಿದ್ದವು, ಬ್ರಿಟಿಷರು ಆ ಶಾಲೆ ಬರಿದು ಮಾಡಿದಾಗ ಹೊರಬಿದ್ದವು. ಅಂದರೆ ತಲೆಮಾರುಗಟ್ಟಲೆ ಸೂರಿನಡಿ ಇದ್ದದ್ದಕ್ಕೇ ಉಳಿದವು.

ಮಣ್ಣಿನಲ್ಲಿ ಬಿದ್ದ ಕಬ್ಬಿಣದ ಕಥೆ ಬೇರೆ. ರಕ್ಕಸತಂಗಡಿ ಯುದ್ಧ ನಡೆದದ್ದು 1565ರಲ್ಲಿ. ಅಂದಿನಿಂದ ನಾಲ್ಕೂವರೆ ಶತಮಾನ ಮಳೆ–ಬಿಸಿಲಿನ ಮಣ್ಣಲ್ಲಿದ್ದ ತೆಳು ಅಲಗು ಹರಿತ ಉಳಿಸಿಕೊಳ್ಳುವುದಿಲ್ಲ. ಅದು ಊದಿಕೊಂಡು, ಪದರ ಪದರವಾಗಿ ಬಿಚ್ಚಿ, ಮಣ್ಣು–ಕಲ್ಲು ಹತ್ತಿದ ಗಡ್ಡೆಯಂತಾಗಿರುತ್ತದೆ. ಮರದ ಹಿಡಿಯಂತೂ ಬಹುತೇಕ ಉಳಿಯುವುದೇ ಇಲ್ಲ. ಕಂಪ್ಲಿ ಕಡೆ ಕೆಲವರು ಇನ್ನೂ ಹಿಂದಕ್ಕೆ ಹೋಗಿ ‘ಕುಮಾರರಾಮನ ಕಾಲದ್ದು’ ಅಂತಾರೆ. ಕಂಪಿಲಿ ರಾಜ್ಯ ಬಿದ್ದದ್ದು 1327ರ ಸುಮಾರಿಗೆ. ಏಳು ನೂರು ವರ್ಷ ಮಣ್ಣಲ್ಲಿದ್ದು ಟೊಮೆಟೊ ಕೊಯ್ಯುವಷ್ಟು ಚೂಪಾಗಿರುವ ಚಾಕು ಇದ್ದರೆ ಅದನ್ನು ಮಾರುವ ಬದಲು ಪೂಜೆ ಮಾಡಬೇಕು.

ಹೊಸದನ್ನು ಹಳೆಯದು ಮಾಡುವ ಬಗೆ

ಕಠಾರಿ, ಕತ್ತಿಗಳ ಪ್ರತಿಕೃತಿ ಮಾಡುವುದು ತಪ್ಪಲ್ಲ. ಡೆಹ್ರಾಡೂನ್‌ನಲ್ಲಿ ಹಳೇ ಕಾಲದ ಕತ್ತಿಗಳ ಪ್ರತಿಕೃತಿ ಮಾಡಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆಗಳಿವೆ. ರಾಜಸ್ಥಾನದ ಉದಯಪುರದಲ್ಲಿ ಕಬ್ಬಿಣದ ಮೇಲೆ ಬೆಳ್ಳಿ–ಬಂಗಾರದ ಎಳೆ ಕೂರಿಸುವ ಕಸುಬುದಾರರು ಇಂದಿಗೂ ಹೊಸ ಕಠಾರಿ ಮಾಡ್ತಾರೆ. ಅಲ್ಲಿ ಅದು ಹೊಸದು ಅಂತಲೇ ಮಾರಾಟ. ಅಂಥ ಮಾಲು ಕೈಯಿಂದ ಕೈಗೆ ದಾಟುತ್ತ ದಾರಿಯಲ್ಲಿ ವಯಸ್ಸು ಪಡೆಯುತ್ತದೆ.

ವಯಸ್ಸು ಕೊಡುವುದು ಕಷ್ಟದ ಕೆಲಸವೇನಲ್ಲ. ಉಪ್ಪುನೀರು ಅಥವಾ ಆಸಿಡ್ ಹಚ್ಚಿ ಕೆಲವು ದಿನ ಇಟ್ಟರೆ ತುಕ್ಕು ತಾನಾಗಿ ಬರ್ತದೆ. ಆದರೆ ಆ ತುಕ್ಕು ಎಲ್ಲ ಕಡೆ ಒಂದೇ ಸಮ, ಕೇಸರಿ ಬಣ್ಣ, ಬೆರಳಿಂದ ಉಜ್ಜಿದರೆ ಪುಡಿಯಾಗಿ ಕೈಗೆ ಹತ್ತುತ್ತದೆ. ನಿಜವಾದ ಹಳೇ ತುಕ್ಕು ಕಂದುಗಪ್ಪು. ಅಲಗಿಗೆ ಕಚ್ಚಿಕೊಂಡಿರುತ್ತದೆ. ಅದನ್ನು ತೆಗೆದರೆ ಕೆಳಗೆ ಸಣ್ಣ ದೊಡ್ಡ ಗುಳಿಗಳು ಕಾಣುತ್ತವೆ.

ಇನ್ನೂ ಸುಲಭದ ಗುರುತು ಯಂತ್ರದ್ದು. ಸಂದುಗಳಲ್ಲಿ, ಹಿಡಿಯ ಒಳಮೈಯಲ್ಲಿ ಟಾರ್ಚ್ ಬಿಟ್ಟು ನೋಡಿ. ಗ್ರೈಂಡರ್ ಹೊಡೆದ ಸಮಾನಾಂತರ ಗೆರೆಗಳಿದ್ದರೆ, ಅಲಗು–ಹಿಡಿ ಕೂಡುವಲ್ಲಿ ವೆಲ್ಡಿಂಗ್ ಗಂಟಿದ್ದರೆ ಮುಂದೆ ಮಾತೇ ಬೇಡ. ಹಳೇ ಕಠಾರಿಗಳಲ್ಲಿ ಅಲಗನ್ನು ಹಿಡಿಗೆ ರಿವೆಟ್ ಹೊಡೆದು ಕೂರಿಸಿದ್ದು ಸಾಮಾನ್ಯ, ಆ ರಿವೆಟ್‌ಗಳೂ ಒಂದರಂತೆ ಒಂದಿರುವುದಿಲ್ಲ. ಆಯಸ್ಕಾಂತ ಹಿಡಿದು ‘ನೋಡಿ ಸಾರ್, ಹಿಡೀತು’ ಅಂತ ತೋರಿಸುವವರಿದ್ದಾರೆ. ಅದು ಕಬ್ಬಿಣ ಅನ್ನುವುದನ್ನು ಬಿಟ್ಟು ಆಯಸ್ಕಾಂತ ಇನ್ನೇನನ್ನೂ ಹೇಳುವುದಿಲ್ಲ. ನಿನ್ನೆ ಮಾಡಿದ ಕುಡುಗೋಲಿಗೂ ಅದು ಹಿಡಿಯುತ್ತದೆ.

ಅಕ್ಷರ ಇದ್ದರೆ ಅದನ್ನೂ ಓದಿ. ‘1509’ ಅಂತ ಇಸವಿ ಕೆತ್ತಿ ಕೃಷ್ಣದೇವರಾಯನ ಪಟ್ಟಾಭಿಷೇಕದ್ದು ಅಂದರೆ ನಗಬಹುದು. ಆಗ ನಮ್ಮಲ್ಲಿ ಎಣಿಸುತ್ತಿದ್ದದ್ದು ಶಕವರ್ಷ. ಕ್ರಿ.ಶ.ದಲ್ಲಿ 78 ಕಳೆದರೆ ಸಿಗುವ ಲೆಕ್ಕ ಅದು. ರಾಯನ ನಾಣ್ಯಗಳ ಮೇಲೆ ಹೆಸರಿರುವುದು ನಾಗರಿ ಲಿಪಿಯಲ್ಲಿ. ಇಂದಿನ ಪಠ್ಯಪುಸ್ತಕದ ಕನ್ನಡ ಅಕ್ಷರದಲ್ಲಿ ‘ಶ್ರೀ ಕೃಷ್ಣದೇವರಾಯ’ ಅಂತ ಹೊಡೆದ ಅಲಗು ಕಂಪ್ಯೂಟರ್ ಬಂದ ಮೇಲಿನದು.

ಸಂಡೂರು ಅದಿರು, ‘ಉಕ್ಕು’ ಮತ್ತು ಅಲೆಯ ಗೆರೆ

ಎರಡನೇ ನಕಲಿ ಇನ್ನೂ ನಯವಾದದ್ದು. ಇಂಗ್ಲಿಷಿನಲ್ಲಿ ‘ವೂಟ್ಜ್’ ಎಂದು ಕರೆಯುವ ಹೆಸರಾಂತ ಭಾರತೀಯ ಉಕ್ಕಿದೆ. ಆ ಪದ ಕನ್ನಡದ ‘ಉಕ್ಕು’ವಿನಿಂದಲೇ ಹೋದದ್ದು ಎಂದು ಬಹುಪಾಲು ವಿದ್ವಾಂಸರ ಮತ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಉಕ್ಕಿನ ಮೇಲೆ ಪ್ರಬಂಧವೇ ಬಂತು. ಕಬ್ಬಿಣದ ತುಂಡು, ಕಟ್ಟಿಗೆ ಚೂರು, ಎಲೆಗಳನ್ನು ಮಣ್ಣಿನ ಮೂಸೆಯಲ್ಲಿ ಹಾಕಿ, ಬಾಯಿ ಮುಚ್ಚಿ, ಗಂಟೆಗಟ್ಟಲೆ ಕಾಸಿ, ನಿಧಾನ ಆರಿಸಿ ತೆಗೆದ ಗಟ್ಟಿ ಅದು. ಅದನ್ನು ಹದವಾದ ಕಾವಿನಲ್ಲಿ ಬಡಿದು ಮಾಡಿದ ಅಲಗಿನ ಮೈಮೇಲೆ ನೀರಿನ ಅಲೆಯಂಥ ಗೆರೆ ಮೂಡುತ್ತದೆ. ಹೊರಗಿಂದ ಬರೆದದ್ದಲ್ಲ, ಲೋಹದೊಳಗಿಂದಲೇ ಬಂದದ್ದು. 19ನೇ ಶತಮಾನದಲ್ಲಿ ಈ ಕಸುಬು ನಿಂತುಹೋಯಿತು. ಅದಿರಿನಲ್ಲಿದ್ದ ವೆನೇಡಿಯಂನಂಥ ಧಾತುವಿನ ಅತಿ ಸಣ್ಣ ಅಂಶವೂ ಆ ಗೆರೆಗೆ ಕಾರಣ ಎಂಬುದು ಅಮೆರಿಕದಲ್ಲಿ ಪ್ರಯೋಗ ಮಾಡಿದ ಮೇಲೆ 1990ರ ದಶಕದಲ್ಲಿ ತಿಳಿಯಿತು.

ಇಂಥ ಹಿನ್ನೆಲೆ ಇರುವಾಗ ‘ಸಂಡೂರು ಅದಿರಿನ ಒರಿಜಿನಲ್ ಉಕ್ಕು, ಡಮಾಸ್ಕಸ್ ಚಾಕು’ ಅಂದರೆ ಯಾರಾದರೂ ತಿರುಗಿ ನೋಡ್ತಾರೆ. ಆದರೆ ಇಂದು ‘ಡಮಾಸ್ಕಸ್’ ಹೆಸರಲ್ಲಿ ಬರುವುದು ಬಹುತೇಕ ಬೇರೆಯೇ ಸಾಮಾನು: ಎರಡು ಜಾತಿಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಕಾಸಿ ಬಡಿದು ಬೆಸೆದು, ಮಡಚಿ, ಕೊನೆಗೆ ಆಸಿಡ್‌ನಲ್ಲಿ ಅದ್ದಿ ಗೆರೆ ಎಬ್ಬಿಸಿದ ಪದರ ಉಕ್ಕು. ಅದೂ ಶ್ರಮದ ಕೆಲಸವೇ, ಪದರ ಉಕ್ಕು ಅಂತ ಹೇಳಿ ಮಾರಿದರೆ ತಕರಾರಿಲ್ಲ. ತಕರಾರಿರುವುದು ಸಾದಾ ತಗಡಿನ ಮೇಲೆ ಲೇಸರ್‌ನಿಂದ ಅಲೆ ಬರೆದು ಮಾರುವ ಮಾಲಿನ ಬಗ್ಗೆ.

ನೋಡುವುದು ಹೀಗೆ. ಪದರ ನಿಜವಾಗಿದ್ದರೆ ಗೆರೆ ಅಲಗಿನ ಎರಡೂ ಕಡೆ, ಬೆನ್ನಿನ ಮೇಲೂ ಮುಂದುವರಿಯುತ್ತದೆ. ಬರೆದದ್ದಾದರೆ ಬೆನ್ನು ಬೋಳು, ಎರಡೂ ಬದಿಯ ಚಿತ್ತಾರ ಕನ್ನಡಿಯಲ್ಲಿ ಕಂಡಂತೆ ಒಂದೇ. ಎಮರಿ ಪೇಪರ್‌ನಿಂದ ಮೂಲೆಯಲ್ಲಿ ಒಂದು ಚೂರು ಉಜ್ಜಿ ಮತ್ತೆ ಆಸಿಡ್ ಹಚ್ಚಿದರೆ ನಿಜವಾದ ಗೆರೆ ತಿರುಗಿ ಬರುತ್ತದೆ, ಬರೆದದ್ದು ಬರುವುದಿಲ್ಲ. ಮಾರುವವನು ಇದಕ್ಕೆ ಒಪ್ಪದಿದ್ದರೆ ಉತ್ತರ ಸಿಕ್ಕಂತೆಯೇ. ಇನ್ನು ಅದಿರು ಸಂಡೂರಿನದೋ ಇನ್ನೆಲ್ಲಿಯದೋ ಅನ್ನುವುದನ್ನು ಅಲಗು ನೋಡಿ ಯಾರೂ ಹೇಳಲಾರರು. ಸಂಡೂರಿನ ಅದಿರು ಲೋಡುಗಟ್ಟಲೆ ಹೋಗುವುದು ದೊಡ್ಡ ಕಾರ್ಖಾನೆಯ ಕುಲುಮೆಗೆ, ಚಾಕು ಮಾಡುವವನ ಮನೆಗಲ್ಲ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ಅಲ್ಲಿ ಊರಿನ ಹೆಸರಿಗೆ ಕಾನೂನಿನ ಬಲವಿದೆ. ‘ಸಂಡೂರು ಉಕ್ಕಿನ ಚಾಕು’ವಿಗೆ ಅಂಥದ್ದಿಲ್ಲ.

ಆರ್ಡರ್ ಕೊಟ್ಟು ಮಾಡಿಸುವ ಕಸ್ಟಮ್ ಚಾಕುವಿನಲ್ಲೂ ಇದೇ ಆಟ. ರೆಡಿ ಅಲಗು ತರಿಸಿ, ಹಿಡಿ ಮಾತ್ರ ಕೂರಿಸಿ ‘ಕೈಯಿಂದ ಬಡಿದದ್ದು’ ಅಂತಾರೆ. ಭತ್ತ, ಕಬ್ಬಿನ ಕಂಪ್ಲಿ ಸೀಮೆಯವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಕುಡುಗೋಲು, ಮಚ್ಚು ಬಡಿಯುವ ಕಮ್ಮಾರರ ಕುಲುಮೆಗೆ ಹೋದರೆ ಕಣ್ಣೆದುರೇ ಕೆಲಸ. ಲಾರಿಯ ಹಳೇ ಕಮಾನು ಪಟ್ಟಿಯಿಂದ ಮಾಡ್ತೀನಿ ಅಂತ ಕಮ್ಮಾರರು ಮುಚ್ಚುಮರೆ ಇಲ್ಲದೆ ಹೇಳ್ತಾರೆ. ಅದು ಒಳ್ಳೆಯ ಉಕ್ಕೇ, ಹದ ಸರಿಯಾಗಿ ಕೊಟ್ಟರೆ ವರ್ಷಗಟ್ಟಲೆ ಬಾಳಿಕೆ. ಪಾಪ, ಅದಕ್ಕೆ ಹೇಳಿಕೊಳ್ಳಲು ಚರಿತ್ರೆ ಇಲ್ಲ, ಅಷ್ಟೆ.

ಅಂಗಡಿಯವರಿಗೆ ಮುಖ್ಯವಾದದ್ದು

ಕಂಪನಿ ಹೆಸರಿನ ಡೂಪ್ಲಿಕೇಟ್ ಹೆಚ್ಚು ಕಾಣುವುದು ಮಡಚುವ ಚಾಕುಗಳಲ್ಲಿ. ಸ್ವಿಸ್ ಶಿಲುಬೆ ಗುರುತಿನ ವಿಕ್ಟೋರಿನಾಕ್ಸ್, ಅಲಗಿನಲ್ಲಿ ದುಂಡು ತೂತಿರುವ ಸ್ಪೈಡರ್ಕೊ ಇವೆಲ್ಲ ಜಗತ್ತಿನಾದ್ಯಂತ ನಕಲಾಗುತ್ತವೆ. ಹೋಲ್‌ಸೇಲ್‌ನಲ್ಲಿ ಅಗ್ಗಕ್ಕೆ ಬಂತು, ಬಿಲ್ ಇಲ್ಲ ಅಂದರೆ ಎಚ್ಚರ. ನಕಲಿ ಟ್ರೇಡ್‌ಮಾರ್ಕ್ ಇರುವ ಮಾಲು ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ‘ನಮಗೆ ಗೊತ್ತಿರಲಿಲ್ಲ’ ಅಂತ ಬಾಯಲ್ಲಿ ಹೇಳಿದರೆ ಸಾಲದು. ಯಾರಿಂದ ಖರೀದಿಸಿದ್ದು ಅನ್ನುವುದಕ್ಕೆ ಕಾಗದ ಬೇಕಾಗುತ್ತದೆ.

ಪುರಾತನ ವಸ್ತುವಿನ ಕಾನೂನು ಇನ್ನೂ ಬಿಗಿ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾತನ. ಅದನ್ನು ಮಾರುವ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ಕಳಿಸಿದರೆ ಇಲ್ಲೂ 6 ತಿಂಗಳಿಂದ 3 ವರ್ಷ ಜೈಲು, ಜೊತೆಗೆ ದಂಡ. ಹಾಗಾಗಿ ‘ಹೊಲದಲ್ಲಿ ಸಿಕ್ಕ ಅಸಲಿ ಕಠಾರಿ’ ನಿಜವೇ ಆಗಿದ್ದರೆ ಮಾರುವವನೂ ಸಿಕ್ಕಿಹಾಕಿಕೊಳ್ಳುತ್ತಾನೆ, ಕದ್ದ ಮಾಲಾಗಿದ್ದರೆ ಕೊಂಡವನೂ ವಿಚಾರಣೆಗೆ ಓಡಾಡಬೇಕು. ಸುಳ್ಳಾಗಿದ್ದರೆ ಕಥೆ ಕೇಳಿ ಕೊಟ್ಟ ದುಡ್ಡು ಹೋಯಿತು. ಲೈಸೆನ್ಸ್ ಇರುವ ಡೀಲರ್ ಹತ್ತಿರ ಬಿಲ್ ಸಮೇತ ಕೊಂಡು ದೇಶದೊಳಗೇ ಇಟ್ಟುಕೊಳ್ಳುವುದು ಬೇರೆ ಮಾತು.

ಲ್ಯಾಮಿನೇಷನ್ ಮಾಡಿಸಿದ ‘ಅಸಲಿ ಪ್ರಮಾಣಪತ್ರ’ ನೋಡಿ ಮರುಳಾಗುವವರಿದ್ದಾರೆ. ಮಾರುವವನೇ ಬರೆದುಕೊಂಡ ಪತ್ರಕ್ಕೆ ಕಾಗದದ ಬೆಲೆಯಷ್ಟೆ. ಹೊರದೇಶಕ್ಕೆ ಒಯ್ಯುವವರು ಕೇಳಿ ಪಡೆಯಬೇಕಾದದ್ದು ತದ್ವಿರುದ್ಧ ಪತ್ರ: ‘ಇದು ಪುರಾತನ ವಸ್ತುವಲ್ಲ’ ಎಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕೊಡುವುದು. ಅಂಗಡಿಯವರು ಪ್ರತಿಕೃತಿಗೆ ‘ಪ್ರತಿಕೃತಿ, ಹೊಸದಾಗಿ ಮಾಡಿದ್ದು’ ಅಂತ ಚೀಟಿ ಅಂಟಿಸಿ, ಬಿಲ್ಲಿನಲ್ಲೂ ಹಾಗೇ ಬರೆದು ಕೊಟ್ಟರೆ ಕಸ್ಟಮ್ಸ್‌ನಲ್ಲಿ ಪ್ರವಾಸಿಯ ಮಾತಿಗೆ ಒಂದು ಆಧಾರ ಇರುತ್ತದೆ, ಇವರ ಮೇಲೂ ದೂರು ಬರುವುದಿಲ್ಲ. ಚೀಟಿ ಅಂಟಿಸಿದರೆ ವ್ಯಾಪಾರ ಕಡಿಮೆಯಾಗುತ್ತೆ ಅನ್ನುವ ಭಯ ಇರಬಹುದು. ಪ್ರತಿಕೃತಿ ಅಂತ ಗೊತ್ತಿದ್ದೇ ಕೊಳ್ಳುವವರೂ ಇದ್ದಾರೆ.

ಅಳತೆಯೂ ನೆನಪಿರಲಿ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದು, ಅಡುಗೆ, ಕೃಷಿ, ಕೈಗಾರಿಕೆಯಂಥ ಬಳಕೆಯದ್ದಲ್ಲದಿದ್ದರೆ ಅದು ಶಸ್ತ್ರಾಸ್ತ್ರ ನಿಯಮದ ಪಟ್ಟಿಗೆ ಬರುತ್ತದೆ. ಶೋಕೇಸಿನ ಕತ್ತಿ ಅಂದರೂ ಪೊಲೀಸರು ನೋಡುವುದು ಸ್ಕೇಲು ಹಿಡಿದೇ. ತೋರಣಗಲ್ಲಿನಿಂದ ವಿಮಾನ ಹತ್ತುವವರು ಯಾವ ಚಾಕುವನ್ನೂ ಕೈಚೀಲದಲ್ಲಿ ಇಡಬಾರದು.

ಮೋಸ ಹೋದವರು ಬಿಲ್, ಫೋಟೋ, ಮೊಬೈಲ್ ಮೆಸೇಜ್ ಅಳಿಸದೆ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಪಾಯ ತೆಗೆಯುವಾಗ, ಹೊಲ ಉಳುವಾಗ ನಿಜವಾಗಿಯೇ ಏನಾದರೂ ಸಿಕ್ಕರೆ ತೊಳೆಯಬೇಡಿ, ಉಜ್ಜಬೇಡಿ. ಮಣ್ಣಿನ ಸಮೇತ ಇದ್ದರೇ ತಜ್ಞರಿಗೆ ಓದಲು ಬರುವುದು. ನೆಲದಲ್ಲಿ ಸಿಕ್ಕ ನಿಧಿಯ ವಿಷಯ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವುದು ಕಾನೂನು. ಹೊಸಪೇಟೆ, ಹಂಪಿ ಕಡೆಯವರು ವಿಜಯನಗರ ಜಿಲ್ಲಾಧಿಕಾರಿಗೆ, ಸಂಡೂರು, ಕಂಪ್ಲಿಯವರು ಬಳ್ಳಾರಿ ಜಿಲ್ಲಾಧಿಕಾರಿಗೆ, ಹೊಳೆಯಾಚೆ ಆನೆಗುಂದಿಯವರು ಕೊಪ್ಪಳಕ್ಕೆ. ಹತ್ತಿರದ ತಹಶೀಲ್ದಾರ್ ಕಚೇರಿ ಅಥವಾ ಪೊಲೀಸ್ ಠಾಣೆಗೆ ತಿಳಿಸಿದರೂ ವಿಷಯ ಮುಂದೆ ಹೋಗುತ್ತದೆ.