ಕಪ್ಪು ಕಾಗದದ ಮೇಲೆ ಚಂದ್ರನ ಬೆಟ್ಟಗಳು

ದೀಪಾವಳಿ ಕಳೆದು, ಹಿಂಗಾರಿನ ಗುಡುಗೂ ಅಡಗಿದ ಮೇಲೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಆಕಾಶ ತಿಳಿಯಾಗುತ್ತದೆ. ಬೆಳ್ತಂಗಡಿಗೆ ಮೂಡು ದಿಕ್ಕಿನಲ್ಲಿ ಘಟ್ಟ ಅಡ್ಡ ನಿಂತಿರುವುದರಿಂದ ಅಲ್ಲಿನವರಿಗೆ ಹುಣ್ಣಿಮೆ ಚಂದ್ರ ಪಂಚಾಂಗದ ಹೊತ್ತಿಗಿಂತ ತಡವಾಗಿಯೇ ಕಾಣಿಸುವುದು. ಆದರೆ ದೂರದರ್ಶಕದ ಪಕ್ಕ ಕುಳಿತು ಚಂದ್ರನನ್ನು ಬಿಡಿಸುವವರಿಗೆ ಹುಣ್ಣಿಮೆ ಬೇಕಾಗಿಲ್ಲ. ಅಂದು ಬಿಸಿಲು ಚಂದ್ರನ ನೆಲಕ್ಕೆ ನೆಟ್ಟಗೆ ಬೀಳುತ್ತದೆ. ಕುಳಿಗೂ ಬೆಟ್ಟಕ್ಕೂ ನೆರಳೇ ಇರುವುದಿಲ್ಲ. ಅವರಿಗೆ ಬೇಕಾದದ್ದು ಶುಕ್ಲ ಪಕ್ಷದ ಷಷ್ಠಿಯಿಂದ ಏಕಾದಶಿವರೆಗಿನ ಸಂಜೆಗಳು. ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಆಗಲೇ ಮೇಲೇರಿರುತ್ತಾನೆ, ಘಟ್ಟದ ತಡೆ ಇರುವುದಿಲ್ಲ.

ಈ ಕೆಲಸಕ್ಕೆ ತಿಥಿಗಿಂತ ಒಳ್ಳೆಯ ವೇಳಾಪಟ್ಟಿ ಬೇರೆ ಇಲ್ಲ. ತಿಥಿ ಎಂದರೆ ಸೂರ್ಯನಿಂದ ಚಂದ್ರ ಎಷ್ಟು ದೂರ ಸರಿದಿದ್ದಾನೆ ಎಂಬ ಲೆಕ್ಕ. ಚಂದ್ರನಲ್ಲಿ ಎಲ್ಲಿ ಬೆಳಗಾಗುತ್ತಿದೆ ಎಂಬುದೂ ಅದರಿಂದಲೇ ತಿಳಿಯುತ್ತದೆ. ಷಷ್ಠಿಯ ಆಸುಪಾಸಿನಲ್ಲಿ ಬೆಳಕು-ಕತ್ತಲಿನ ಗಡಿಯಲ್ಲಿ ಥಿಯೋಫಿಲಸ್ ಕುಳಿ ಸಿಗುತ್ತದೆ. ಅಷ್ಟಮಿಗೆ ಟಾಲೆಮಿಯಸ್, ನವಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ‘ನೇರ ಗೋಡೆ’ ಎಂಬ ಸ್ತರಭಂಗದ ಇಳಿಜಾರು, ದಶಮಿಗೆ ಕೊಪರ್ನಿಕಸ್. ಕೊಪರ್ನಿಕಸ್ ಕುಳಿಯ ಅಗಲ 93 ಕಿಲೋಮೀಟರ್. ಮಂಗಳೂರಿನಿಂದ ಚಾರ್ಮಾಡಿ ಘಾಟಿಯವರೆಗಿನ ನಾಡು, ನಡುವಿನ ಬಂಟ್ವಾಳ, ಬೆಳ್ತಂಗಡಿಗಳ ಸಮೇತ ಅದರೊಳಗೆ ಹಿಡಿಸೀತು. ಏಕಾದಶಿಯಂದು ಜೂರಾ ಪರ್ವತದ ನೆತ್ತಿಗಳಿಗೆ ಮಾತ್ರ ಬಿಸಿಲು ತಾಗಿ, ಕತ್ತಲೊಳಗೆ ಚಿನ್ನದ ಕಮಾನೊಂದು ಚಾಚಿಕೊಂಡಂತೆ ಕಾಣುತ್ತದೆ. ನಾಲ್ಕು ಇಂಚಿನ ಸಾಧಾರಣ ದೂರದರ್ಶಕಕ್ಕೆ ಇವೆಲ್ಲ ಎಟಕುತ್ತವೆ.

ಬೇಕಾದ ಸಾಮಾನು ಕಡಿಮೆ: ಕ್ಲಿಪ್ ಇರುವ ರಟ್ಟು, ಕಪ್ಪು ಕಾಗದ, ಮಂದವಾದ ಒಂದು ದೀಪ, ಕೆಲವು ಪೇಸ್ಟಲ್ ಕಡ್ಡಿಗಳು. ಶಾಲೆಯ ಮಕ್ಕಳು ಬಳಸುವ ಆಯಿಲ್ ಪೇಸ್ಟಲ್ ಇದಕ್ಕೆ ಒಗ್ಗುವುದಿಲ್ಲ, ಅದರ ಜಿಡ್ಡು ನವಿರಾಗಿ ಹರಡುವುದಿಲ್ಲ. ಸೀಮೆಸುಣ್ಣದಂತೆ ಪುಡಿ ಉದುರುವ ಒಣ ಪೇಸ್ಟಲ್ ಆಗಬೇಕು. ಕಾಗದವೇ ಕಪ್ಪಾಗಿರುವುದರಿಂದ ಆಕಾಶವನ್ನೂ ನೆರಳನ್ನೂ ಬರೆಯಬೇಕಿಲ್ಲ, ಬೆಳಕನ್ನಷ್ಟೇ ಬರೆದರಾಯಿತು. ಕುಳಿಯ ಅಂಚಿಗೆ ಚೂಪು ಕಡ್ಡಿಯ ಬಿಳಿ, ಬಯಲಿಗೆ ಬೆರಳಿನಿಂದ ತೀಡಿದ ಬೂದಿ, ನೆರಳಿದ್ದಲ್ಲಿ ಮುಟ್ಟದ ಕಾಗದ. ಚಂದ್ರನ ಮಣ್ಣು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಹನ್ನೆರಡು ಪಾಲಿನಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಅದರ ನಿಜ ಬಣ್ಣ ಡಾಂಬರು ರಸ್ತೆಗೆ ಹತ್ತಿರ. ಹಾಗಾಗಿ ಯಾವುದನ್ನು ಎಷ್ಟು ಬೆಳ್ಳಗೆ ಮಾಡಬೇಕು ಎಂಬುದನ್ನು ಅಕ್ಕಪಕ್ಕದ ಜಾಗಗಳನ್ನು ಹೋಲಿಸಿ ನೋಡಿಯೇ ತೀರ್ಮಾನಿಸಬೇಕು.

ಅವಸರವೂ ಇದೆ. ಚಂದ್ರನ ನಡುಗೆರೆಯಲ್ಲಿ ಬೆಳಗಿನ ಗಡಿ ಗಂಟೆಗೆ ಸುಮಾರು 15 ಕಿಲೋಮೀಟರ್ ಮುಂದೆ ಸರಿಯುತ್ತದೆ. ಒಂದು ಗಂಟೆ ಬರೆಯುತ್ತ ಕುಳಿತರೆ ಮೊದಲು ಕಂಡ ನೆರಳು ಕೊನೆಗೆ ಇರುವುದಿಲ್ಲ. ಅದಕ್ಕೇ ನೆರಳುಗಳ ಆಕಾರವನ್ನು ಮೊದಲ ಕೆಲವೇ ನಿಮಿಷಗಳಲ್ಲಿ ಗುರುತು ಹಾಕಿಕೊಂಡು, ಉಳಿದದ್ದನ್ನು ನಿಧಾನವಾಗಿ ತುಂಬುವ ರೂಢಿ ಬೆಳೆದಿದೆ. ಚಿತ್ರದ ಮಗ್ಗುಲಲ್ಲಿ ತಾರೀಕು, ಗಂಟೆ, ದೂರದರ್ಶಕದ ಅಳತೆ, ಎಷ್ಟು ಪಟ್ಟು ಹಿಗ್ಗಿಸಿ ನೋಡಿದ್ದು, ಗಾಳಿ ಎಷ್ಟು ನಿಶ್ಚಲವಾಗಿತ್ತು ಎಂದು ಬರೆಯಬೇಕು. ದಿಕ್ಕನ್ನು ಮರೆಯುವಂತಿಲ್ಲ, ಏಕೆಂದರೆ ಕೆಲವು ದೂರದರ್ಶಕಗಳು ಚಂದ್ರನನ್ನು ತಲೆಕೆಳಗು ಮಾಡುತ್ತವೆ, ಕೆಲವು ಎಡಬಲ ಬದಲಿಸುತ್ತವೆ. ಇಷ್ಟು ಬರೆದ ಮೇಲೆ ಅದು ಚಿತ್ರವೂ ಹೌದು, ದಾಖಲೆಯೂ ಹೌದು.

ಈ ವಿದ್ಯೆಯ ಹಿರಿಯರಲ್ಲಿ ಒಬ್ಬ ಜಾನ್ ರಸೆಲ್. ಇಂಗ್ಲೆಂಡಿನ ಅರಮನೆಗೆ ಪೇಸ್ಟಲ್‌ನಲ್ಲಿ ಮುಖಚಿತ್ರ ಬರೆದುಕೊಡುತ್ತಿದ್ದವ. ಮನುಷ್ಯರ ಮುಖ ಬರೆದ ಅದೇ ಕಡ್ಡಿಗಳಲ್ಲಿ ಅವನು ವರ್ಷಗಟ್ಟಲೆ ಚಂದ್ರನ ಮುಖವನ್ನು ಬರೆದ. 1795ರ ಅವನ ದೊಡ್ಡ ಪೇಸ್ಟಲ್ ಚಂದ್ರ ಇಂದಿಗೂ ಆಕ್ಸ್‌ಫರ್ಡಿನ ವಿಜ್ಞಾನ ಇತಿಹಾಸದ ಸಂಗ್ರಹಾಲಯದಲ್ಲಿದೆ. ಮುಂದಿನ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದ ಫ್ರೆಂಚ್ ಚಿತ್ರಕಾರ ಟ್ರೂವೆಲೋ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಕುಳಿತ. ನೇತ್ರಮಸೂರದಲ್ಲಿ ಚೌಕುಳಿ ಗೆರೆಗಳು, ಕಾಗದದ ಮೇಲೂ ಅಂಥವೇ ಗೆರೆಗಳು. ಹೀಗೆ ಅಳತೆ ತಪ್ಪದಂತೆ ಬರೆದ ಅವನ ಪೇಸ್ಟಲ್ ಚಿತ್ರಗಳಲ್ಲಿ 15 ಚಿತ್ರಗಳು 1880ರ ದಶಕದ ಆರಂಭದಲ್ಲಿ ಬಣ್ಣದ ಅಚ್ಚಾಗಿ ಹೊರಬಂದವು. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ಅವನ ಚಿತ್ರದ ಮುಂದೆ ಇವತ್ತಿನ ಎಷ್ಟೋ ಫೋಟೊಗಳು ಸಪ್ಪೆ.

ಸೂರ್ಯನ ಮಾತು ಬಂದಾಗ ಮೊದಲು ಎಚ್ಚರಿಕೆ. ದೂರದರ್ಶಕದ ಮುಂಬಾಯಿಗೆ ಸರಿಯಾದ ಸೌರ ಫಿಲ್ಟರ್ ಇಲ್ಲದೆ ಇಣುಕಿದರೆ ಕಣ್ಣು ಕ್ಷಣದಲ್ಲಿ ಹೋಗುತ್ತದೆ. ದಿಕ್ಕು ಹಿಡಿಯುವ ಪುಟ್ಟ ಕೊಳವೆಯನ್ನೂ ಮುಚ್ಚಿರಬೇಕು. ಇನ್ನೊಂದು ಹಳೆಯ ದಾರಿ, ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ ಕಲೆಗಳ ಮೇಲೆ ಪೆನ್ಸಿಲ್ ಆಡಿಸುವುದು. 1859ರ ಸೆಪ್ಟೆಂಬರ್ 1ರಂದು ಖಗೋಳವಿಜ್ಞಾನಿ ರಿಚರ್ಡ್ ಕ್ಯಾರಿಂಗ್ಟನ್ ಹೀಗೆ ಸೂರ್ಯಕಲೆಗಳನ್ನು ಬರೆಯುತ್ತಿದ್ದಾಗಲೇ ಅವುಗಳ ನಡುವೆ ಎರಡು ಬೆಳಕಿನ ಚುಕ್ಕೆಗಳು ಭಗ್ಗೆಂದು ಹೊತ್ತಿ ಕೆಲವೇ ನಿಮಿಷಗಳಲ್ಲಿ ಆರಿದವು. ಮರುದಿನ ಜಗತ್ತಿನ ಹಲವೆಡೆ ತಂತಿ ವ್ಯವಸ್ಥೆ ಕೆಟ್ಟಿತು. ಸೌರಜ್ವಾಲೆಯ ಮೊದಲ ವರದಿಗಳಲ್ಲಿ ಒಂದು ಹುಟ್ಟಿದ್ದು ಚಿತ್ರ ಬರೆಯುತ್ತಿದ್ದವನ ಕಣ್ಣಿನಿಂದ.

ನಮ್ಮ ದೇಶದಲ್ಲಿ ಇಂಥ ಸೂರ್ಯಚಿತ್ರಗಳ ದೊಡ್ಡ ಭಂಡಾರ ಕೊಡೈಕನಾಲ್‌ನಲ್ಲಿದೆ. 1899ರಲ್ಲಿ ಸ್ಥಾಪನೆಯಾದ, ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಆ ಸೌರ ವೀಕ್ಷಣಾಲಯದಲ್ಲಿ 20ನೇ ಶತಮಾನದ ಆರಂಭದಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಸೂರ್ಯನಕ್ಷೆಗಳನ್ನು ಕೈಯಲ್ಲೇ ಬರೆಯುತ್ತ ಬಂದರು. ಆಯಾ ದಿನದ ಸೂರ್ಯನನ್ನು ಅಕ್ಷಾಂಶ-ರೇಖಾಂಶಗಳ ವೃತ್ತದ ಮೇಲಿಟ್ಟು, ಕಲೆಗಳಿಗೊಂದು, ಜ್ವಾಲೆಗಳಿಗೊಂದು ಬಣ್ಣ ಕೊಟ್ಟು ಗುರುತಿಸಿದ ನಕ್ಷೆಗಳವು. ಇದೀಗ ಸಂಶೋಧಕರು ಅವನ್ನು ಕಂಪ್ಯೂಟರಿಗೆ ಏರಿಸಿ, ಸೂರ್ಯನ ಹನ್ನೊಂದು ವರ್ಷಗಳ ಏರಿಳಿತವನ್ನು ಅವುಗಳಿಂದ ಹೆಕ್ಕುತ್ತಿದ್ದಾರೆ. ಬಣ್ಣದ ಕಡ್ಡಿ ಹಿಡಿದ ಕೈಗೆ ವಿಜ್ಞಾನದಲ್ಲಿ ಏನು ಕೆಲಸ ಎಂದು ಕೇಳುವವರು ಈ ಹಾಳೆಗಳನ್ನು ನೋಡಬೇಕು.

ದಕ್ಷಿಣ ಕನ್ನಡದಲ್ಲಿ ಈ ಹವ್ಯಾಸಕ್ಕೆ ನೆಲ ಹದವಾಗಿದೆ. 2019ರ ಡಿಸೆಂಬರ್ 26ರ ಬೆಳಗ್ಗೆ ಕಂಕಣ ಗ್ರಹಣದ ಪಟ್ಟಿ ಕಾಸರಗೋಡಿನ ಚೆರುವತ್ತೂರು, ಮಂಗಳೂರುಗಳ ಮೇಲೆ ಹಾದುಹೋಯಿತು; ಪಟ್ಟಿಯ ಉತ್ತರ ಅಂಚು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಆಸುಪಾಸಿನಲ್ಲೇ ಇತ್ತು. ಪಿಲಿಕುಳದಲ್ಲಿ 2018ರಿಂದ ತಾರಾಲಯವಿದೆ. ಉಜಿರೆಯಲ್ಲೂ ಮೂಡುಬಿದಿರೆಯಲ್ಲೂ ದೊಡ್ಡ ಕಾಲೇಜುಗಳಿವೆ. ಆಳ್ವಾಸ್ ವರ್ಣವಿರಾಸತ್ ಶಿಬಿರಕ್ಕೆ ನಾಡಿನ ಚಿತ್ರಕಾರರು ಬಂದು ಹೋಗುತ್ತಾರೆ. ಆಕಾಶ ವೀಕ್ಷಣೆಯ ಕಾರ್ಯಕ್ರಮಗಳಲ್ಲಿ ಸಾಲು ನಿಂತ ಮಗುವಿಗೆ ಅರ್ಧ ನಿಮಿಷ ನೋಡಲು ಸಿಕ್ಕರೆ ಹೆಚ್ಚು. ಪಕ್ಕದಲ್ಲೊಂದು ದೂರದರ್ಶಕವನ್ನು ಚಿತ್ರಕ್ಕೆಂದೇ ಮೀಸಲಿಟ್ಟರೆ ಅದೇ ಮಗು ಒಂದೇ ಕುಳಿಯನ್ನು ಅರ್ಧ ಗಂಟೆ ನೋಡುತ್ತದೆ. ನೋಡಿದಷ್ಟೂ ಹೊಸ ವಿವರ ಕಾಣುತ್ತ ಹೋಗುತ್ತದೆ. ಚಿತ್ರ ಚೆಂದವಾಗದಿದ್ದರೂ ನಷ್ಟವೇನಿಲ್ಲ.

ಕರಾವಳಿಯ ತೇವ ಮಾತ್ರ ಈ ಹವ್ಯಾಸದ ಹಗೆ. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ, ಕಾಗದ ಮೆತ್ತಗಾಗಿ ಪೇಸ್ಟಲ್ ಕಚ್ಚುವುದಿಲ್ಲ. ಮಸೂರಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮುಗಿದ ಚಿತ್ರಗಳನ್ನು ಬಟರ್ ಪೇಪರ್ ಹೊದಿಸಿ ಒಣ ಕಪಾಟಿನಲ್ಲಿ ಇಡುವುದು ಲೇಸು. ಮುಂದೆ ಬರುವ ಒಂದು ಅವಕಾಶಕ್ಕೂ ಇದೇ ಮಳೆಯ ಭಯವಿದೆ. 2031ರ ಮೇ 21ರಂದು ಇನ್ನೊಂದು ಕಂಕಣ ಗ್ರಹಣ ಕೇರಳ, ತಮಿಳುನಾಡುಗಳನ್ನು ಹಾಯಲಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಗೆ ಅದು ಪಾರ್ಶ್ವ ಗ್ರಹಣ. ಮುಂಗಾರಿಗೆ ಇನ್ನೇನು ಕೆಲವೇ ದಿನಗಳಿರುವ ಹೊತ್ತಾದ್ದರಿಂದ ಮೋಡಗಳ ನಡುವಿನ ಬಿಡುವಿನಲ್ಲಿ ಬೇಗ ಬೇಗ ಬರೆದುಕೊಳ್ಳಬೇಕಾದೀತು.