ಉಸಿರಿಗೂ ಒಂದು ಅಳತೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ನಸುಕಿಗೇ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಕೆಲವು ಮನೆಗಳಲ್ಲಿ ಅದರೊಂದಿಗೆ ಅವ್ವನ ಕೆಮ್ಮೂ ಕೇಳುತ್ತದೆ. ಆಕೆ ಬೀಡಿ ಮುಟ್ಟಿದವಳಲ್ಲ. ತೊಗರಿ ಕಟ್ಟಿಗೆ, ಕುಳ್ಳಿನ ಹೊಗೆಯಲ್ಲಿ ಮೂವತ್ತು ವರ್ಷ ಕಳೆದವಳು. ನಾಲ್ಕು ಹೆಜ್ಜೆ ನಡೆದರೆ ತೇಕು. ‘ವಯಸ್ಸಾಯಿತು, ದಮ್ಮು’ ಎಂದು ಮನೆಯವರು ಸುಮ್ಮನಾಗುತ್ತಾರೆ.

ಇದು ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಾಯಂ ಆಗಿ ಕಿರಿದಾಗುವ ರೋಗ ಇರಬಹುದು. 2016ರಲ್ಲಿ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಈ ರೋಗವಿತ್ತೆಂದು ಅಂದಾಜು. ಆರಂಭದಲ್ಲಿ ಇದು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಇದನ್ನು ಖಚಿತಪಡಿಸಲು ಬೇಕಾದದ್ದು ಸ್ಪೈರೊಮೀಟರ್. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್‌ಸನ್ ನೀರಿನಲ್ಲಿ ಬೋರಲಾಗಿ ತೇಲುವ ಪಾತ್ರೆಯಿಂದ ಉಸಿರನ್ನು ಅಳೆದು ತೋರಿಸಿದರು. ಇಂದಿನ ಉಪಕರಣ ಅಂಗೈಯಲ್ಲಿ ಹಿಡಿಯುತ್ತದೆ.

ಲೆಕ್ಕ ಸರಳ. ಎದೆ ತುಂಬ ಉಸಿರೆಳೆದು, ಒಮ್ಮೆಲೇ ಜೋರಾಗಿ, ಪೂರ್ತಿ ಖಾಲಿಯಾಗುವವರೆಗೆ ಊದಬೇಕು. ಒಟ್ಟು 3 ಲೀಟರ್ ಗಾಳಿ ಹೊರಬಂದರೆ, ಮೊದಲ ಸೆಕೆಂಡಿನಲ್ಲೇ ಸಾಮಾನ್ಯವಾಗಿ 2.1 ಲೀಟರಿಗಿಂತ, ಅಂದರೆ ಶೇ 70ಕ್ಕಿಂತ ಹೆಚ್ಚು ಬರಬೇಕು. ಬಂದದ್ದು ಒಂದೂವರೆ ಲೀಟರೇ? ಹಾಗಾದರೆ ನಾಳ ಕಿರಿದಾಗಿದೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟು, ಸುಮಾರು 15 ನಿಮಿಷದ ನಂತರ ಮತ್ತೆ ಊದಿಸುತ್ತಾರೆ. ಚೆನ್ನಾಗಿ ಸುಧಾರಿಸಿದರೆ ಆಸ್ತಮಾದ ಸಂಶಯ. ಶೇ 70ಕ್ಕಿಂತ ಕೆಳಗೇ ಉಳಿದರೆ ಸಿಒಪಿಡಿಯ ಸೂಚನೆ.

ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿ.ಮೀ. ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಆದರೆ ಉಸಿರಿನ ಗೆರೆ ದೂರ ಹೋಗಬಲ್ಲದು. 2002ರಲ್ಲೇ ಇಸ್ರೊ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಈಗ ಅಂಗೈಯ ಸ್ಪೈರೊಮೀಟರ್ ಮೊಬೈಲಿಗೆ ಜೋಡಿಸಿದರೆ, ಊರಿನಲ್ಲಿ ಊದಿದ ಗೆರೆಯನ್ನು ದೂರದ ತಜ್ಞರು ಕುಳಿತಲ್ಲೇ ಓದಬಹುದು.

ಎಚ್ಚರಿಕೆಯೂ ಬೇಕು. ಅರೆಮನಸ್ಸಿನಿಂದ ಊದಿದರೆ, ತುಟಿಯ ಅಂಚಿನಿಂದ ಗಾಳಿ ಸೋರಿದರೆ ಅಂಕಿ ಸುಳ್ಳಾಗುತ್ತದೆ. ಪಕ್ಕದಲ್ಲಿ ನಿಂತು ‘ಊದವ್ವ, ಇನ್ನೂ ಊದು’ ಎಂದು ಹುರಿದುಂಬಿಸುವ ತರಬೇತಾದ ಕೈ ಇರಲೇಬೇಕು. ಕನಿಷ್ಠ ಮೂರು ಸಲ ಸರಿಯಾಗಿ ಊದಿಸಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕ್ಷಯದ ಪರೀಕ್ಷೆಯಾಗಬೇಕು. ಹೃದಯಾಘಾತ, ಶಸ್ತ್ರಚಿಕಿತ್ಸೆ ಆದವರು ವೈದ್ಯರಿಗೆ ತಿಳಿಸದೆ ಊದಬಾರದು.

ಸಿಒಪಿಡಿಯಲ್ಲಿ ಕೆಟ್ಟ ಶ್ವಾಸಕೋಶ ಮೊದಲಿನಂತಾಗದು. ಆದರೆ ಬೇಗ ತಿಳಿದರೆ ಹೊಗೆ ತಪ್ಪಿಸಿ, ಇನ್‌ಹೇಲರ್ ಬಳಸಿ ಉಳಿದದ್ದನ್ನು ಕಾಪಾಡಬಹುದು. ವಿದ್ಯಾರ್ಥಿಗಳೇ, ಇಂದು ಸಂಜೆ ಒಲೆಯ ಮುಂದೆ ಕುಳಿತ ಅವ್ವನ ಉಸಿರಿನ ಕಡೆ ಸ್ವಲ್ಪ ಕಿವಿಗೊಡಿ. ತೇಕು ಕೇಳಿದರೆ ವಯಸ್ಸನ್ನು ದೂರಬೇಡಿ; ಆಸ್ಪತ್ರೆಗೆ ಕರೆದೊಯ್ದು ಉಸಿರನ್ನು ಅಳೆಸಿ.