ವೇಷ, ನಗೆ, ಒಲವು

ವೇಷವೆಂದರೆ ಸುಳ್ಳು ಎಂಬ ಭಾವನೆ ನಮ್ಮ ಮಾತಿನಲ್ಲಿಯೇ ಬೇರೂರಿದೆ. ವೇಷಧಾರಿ ಎಂಬುದು ಬೈಗುಳ. ‘ಅವನದೆಲ್ಲ ವೇಷ’ ಎಂದರೆ ಅವನನ್ನು ನಂಬಬೇಡಿರೆಂದು ಅರ್ಥ. ಆದರೆ ಹಾಗೆ ಆಡಿಕೊಳ್ಳುವ ಜನರೇ ಹೋಳಿಹುಣ್ಣಿಮೆಯ ದಿನಗಳಲ್ಲಿ ರಾಣೆಬೆನ್ನೂರಿನ ಜೀವಂತ ರತಿ-ಕಾಮರನ್ನು ನೋಡಲು ಮುಗಿಬೀಳುತ್ತಾರೆ. ಬೊಂಬೆಗಳ ಬದಲು ಅಲ್ಲಿ ಮನುಷ್ಯರೇ ರತಿ-ಮನ್ಮಥರಾಗಿ ಸಿಂಗರಿಸಿಕೊಂಡು ಕೂಡುತ್ತಾರೆ. ರತಿಯೂ ಗಂಡಸೇ. ಅವರನ್ನು ನಗಿಸಿದವರಿಗೆ ಬಹುಮಾನವುಂಟು. ನೆರೆದವರು ಅಣಕಿಸುತ್ತಾರೆ, ಚೇಷ್ಟೆಯ ಮಾತಾಡುತ್ತಾರೆ. ಮಂಟಪದ ಮೇಲಿನ ಜೋಡಿ ಮಾತ್ರ ತುಟಿ ಬಿಚ್ಚುವುದಿಲ್ಲ. ಎಲ್ಲರೂ ನಗುವ ಆ ಗದ್ದಲದಲ್ಲಿ ವೇಷ ತೊಟ್ಟವರೇ ಗಂಭೀರರು.

ಈ ನಗದಿರುವಿಕೆಯ ಬೆಲೆಯೇನೆಂಬುದನ್ನು ನನಗೆ ತಿಳಿಸಿಕೊಟ್ಟದ್ದು ಒಂದು ಜಪಾನೀ ಕಥೆ. ಶಿನಿಚಿ ಫುಕುಡಾ ಎಂಬ ಲೇಖಕಿ 2018ರಲ್ಲಿ ಚಿತ್ರಕಥೆಯಾಗಿ ಆರಂಭಿಸಿದ ಇದು 2022ರ ಜನವರಿಯಲ್ಲಿ ಅನಿಮೆ, ಅಂದರೆ ಜಪಾನೀ ಚಲಿಸುವ ಚಿತ್ರಮಾಲೆಯಾಗಿ ಬಂದಿತು. 2025ರಲ್ಲಿ ಅದರ ಎರಡನೆಯ ಭಾಗವೂ ಹೊರಬಿದ್ದಿತು. ಹೊರನಾಡುಗಳಲ್ಲಿ ಇದು ‘ಮೈ ಡ್ರೆಸ್-ಅಪ್ ಡಾರ್ಲಿಂಗ್’ ಎಂದು ಪ್ರಸಿದ್ಧ. ಇದರ ವಸ್ತು ‘ಕಾಸ್‌ಪ್ಲೇ’: ತನಗೆ ಪ್ರಿಯವಾದ ಕಥೆಯ ಪಾತ್ರದಂತೆ ಉಡುಗೆ ತೊಟ್ಟು, ಬಣ್ಣ ಹಚ್ಚಿ, ಆ ಪಾತ್ರವೇ ತಾನಾಗಿ ನಿಲ್ಲುವ ಹವ್ಯಾಸ.

ಕಥಾನಾಯಕ ಗೋಜೊ ತಂದೆತಾಯಿಯಿಲ್ಲದ ಹುಡುಗ. ಹಿನಾ ಬೊಂಬೆಗಳ ಮುಖ ತಿದ್ದುವ ತಾತನ ಆಶ್ರಯದಲ್ಲಿ ಬೆಳೆದವನು. ಮೈಸೂರು ಸೀಮೆಯಲ್ಲಿ ದಸರೆಗೆ ಬೊಂಬೆ ಕೂರಿಸುವಂತೆ ಜಪಾನಿನಲ್ಲಿ ಮಾರ್ಚ್ 3ರ ಹೆಣ್ಣುಮಕ್ಕಳ ಹಬ್ಬಕ್ಕೆ ಈ ಬೊಂಬೆಗಳನ್ನು ಮೆಟ್ಟಿಲುಮೆಟ್ಟಿಲಾಗಿ ಇಡುತ್ತಾರೆ. ಗಂಡುಹುಡುಗನಾಗಿ ಬೊಂಬೆಯನ್ನು ಮೆಚ್ಚುತ್ತಾನೆಂದು ಬಾಲ್ಯದಲ್ಲಿ ಗೆಳತಿಯೊಬ್ಬಳು ಅವನನ್ನು ಜರೆದಿದ್ದಳು. ಅಂದಿನಿಂದ ಅವನು ತನ್ನ ಪ್ರೀತಿಯನ್ನು ಕಳ್ಳತನದ ಮಾಲಿನಂತೆ ಬಚ್ಚಿಟ್ಟುಕೊಂಡಿದ್ದಾನೆ. ಒಂದು ದಿನ ಶಾಲೆಯ ಹೊಲಿಗೆ ಕೋಣೆಯಲ್ಲಿ ಬೊಂಬೆಯ ಅಂಗಿ ಹೊಲಿಯುತ್ತಿದ್ದಾಗ ಸಹಪಾಠಿ ಮಾರಿನ್ ಒಳಗೆ ಬರುತ್ತಾಳೆ. ಅವಳು ಚೆಲುವೆ, ಮಾತುಗಾತಿ, ಎಲ್ಲರಿಗೂ ಬೇಕಾದವಳು. ಅವಳು ನಗುವುದಿಲ್ಲ, ಅವನ ಹೊಲಿಗೆಯನ್ನು ಕಂಡು ಬೆರಗಾಗುತ್ತಾಳೆ. ತನಗೂ ಒಂದು ವೇಷ ಬೇಕೆಂದು ತನ್ನ ಹುಚ್ಚನ್ನೆಲ್ಲ ಅವನೆದುರು ತೋಡಿಕೊಳ್ಳುತ್ತಾಳೆ. ಅವನೂ ನಗುವುದಿಲ್ಲ. ನೋಡುವವರನ್ನು ಹೆಜ್ಜೆಹೆಜ್ಜೆಗೂ ನಗಿಸುವ ಈ ಕಥೆಯ ಆಕರ್ಷಣೆಯೆಲ್ಲ, ಇಬ್ಬರು ಎಳೆಯರು ಒಬ್ಬರ ಪ್ರೀತಿಯನ್ನು ಕಂಡು ಇನ್ನೊಬ್ಬರು ನಗದಿರುವುದರಲ್ಲಿ ಅಡಗಿದೆ.

ಭಾಷೆಯ ಮೇಷ್ಟರಾದ ನನ್ನನ್ನು ವಿಶೇಷವಾಗಿ ಹಿಡಿದು ನಿಲ್ಲಿಸಿದ್ದು ಒಂದು ಪದ. ‘ಕಿರೇಯ್’ ಎಂದರೆ ಸುಂದರ. ಮನಸ್ಸಾರೆ ಹಾಗೆ ಅನಿಸದೆ ಆ ಮಾತನ್ನು ಆಡಲಾರೆನೆಂದು ಗೋಜೊ ಒಮ್ಮೆ ಹೇಳಿರುತ್ತಾನೆ. ನಿದ್ದೆಗೆಟ್ಟು ಹೊಲಿದ ಮೊದಲ ವೇಷವನ್ನು ಮಾರಿನ್ ತೊಟ್ಟು ಮೆರೆದ ದಿನ, ಮರಳುವ ರೈಲಿನಲ್ಲಿ, ಅರೆನಿದ್ದೆಯಲ್ಲಿ, ಅದೇ ಪದವನ್ನು ಅವಳಿಗೆ ಹೇಳುತ್ತಾನೆ. ಅವಳ ಒಲವು ಮೊಳೆಯುವುದು ಅಲ್ಲಿ. ವಿಶೇಷಣಗಳನ್ನು ಅಗ್ಗಕ್ಕೆ ಹಂಚುವ ನಮ್ಮ ಸಭೆ-ಸನ್ಮಾನಗಳ ಕಾಲದಲ್ಲಿ ಈ ಜಿಪುಣತನ ಎಷ್ಟು ಅಮೂಲ್ಯ!

ದೋಷಗಳಿಲ್ಲವೆಂದಲ್ಲ. ಹದಿಹರೆಯದ ಹುಡುಗಿಯ ಮೈಯನ್ನು ಕ್ಯಾಮರಾದ ಕಣ್ಣು ಅನಗತ್ಯವಾಗಿ ಸವರುವ ದೃಶ್ಯಗಳು ಹಲವಿವೆ. ಕಥೆ ತಾನೇ ಕಲಿಸುವ ಗೌರವಕ್ಕೆ ಅವು ಒಗ್ಗುವುದಿಲ್ಲ. ಆದರೆ ಬಟ್ಟೆಯ ಆಯ್ಕೆ, ಅಳತೆ, ಕತ್ತರಿ, ಬಿಚ್ಚಿ ಮತ್ತೆ ಹೊಲಿದ ಹೊಲಿಗೆ ಇವುಗಳನ್ನು ಇಷ್ಟು ಆದರದಿಂದ ತೋರಿಸಿದ ಪ್ರೇಮಕಥೆಗಳು ವಿರಳ.

ನನಗೆ ಈ ಕಥೆಯ ಸುಳಿವು ಕೊಟ್ಟವನು ಬ್ಯಾಡಗಿ ತಾಲ್ಲೂಕಿನ ಹಳ್ಳಿಯೊಂದರಿಂದ ಬರುವ ಬಿ.ಎ. ವಿದ್ಯಾರ್ಥಿ. ತನ್ನೂರಿನ ದೊಡ್ಡಾಟದ ಕಿರೀಟ, ಭುಜಕೀರ್ತಿಗಳಿಗೆ ಬೇಗಡೆ ಮೆತ್ತುವುದರಲ್ಲಿ, ಕನ್ನಡಿಚೂರು ಕೂಡಿಸುವುದರಲ್ಲಿ, ಸ್ತ್ರೀಪಾತ್ರದ ಕುಪ್ಪಸ ಹೊಲಿಯುವುದರಲ್ಲಿ ಅವನದು ನುರಿತ ಕೈ. ಆದರೆ ಕಾಲೇಜಿನ ಅರ್ಜಿಯಲ್ಲಿ ಹವ್ಯಾಸವೆಂಬಲ್ಲಿ ಬರೆದದ್ದು ಕ್ರಿಕೆಟ್. ಏಕೆಂದು ಕೇಳಿದೆ. “ಅದನ್ನ ಬರದ್ರ ನಗ್ತಾರ್ರೀ ಸರ್” ಎಂದ. ರತಿಯಾಗಿ ಕುಳಿತ ಗಂಡಸಿನೆದುರು ಕೈಮುಗಿಯುವ ಸೀಮೆಯಲ್ಲಿ, ಅಂಥ ಪಾತ್ರದ ಕುಪ್ಪಸ ಹೊಲಿದ ಹುಡುಗ ನಗೆಗೆ ಅಂಜುತ್ತಾನೆ!

ತೊಟ್ಟವರನ್ನು ಮೆಚ್ಚಿ, ಕಟ್ಟಿದವರನ್ನು ಮರೆಯುವುದು ನಮ್ಮ ಹಳೆಯ ರೂಢಿ. ಹಾವೇರಿಯ ಏಲಕ್ಕಿ ಹಾರ ನಾಡಿಗೆಲ್ಲ ಗೊತ್ತು. ಒಂದೇ ಅಳತೆಯ ಕಾಯಿಗಳನ್ನು ಆರಿಸಿ, ಬಣ್ಣದ ದಾರ, ಮಣಿ, ಜರಿಗಳೊಡನೆ ಒಂದೊಂದಾಗಿ ಪೋಣಿಸುವ ಆ ಕಸುಬನ್ನು ಪಟವೇಗಾರ ಮನೆತನ ಕಾಪಾಡಿಕೊಂಡು ಬಂದಿದೆ. ಹಾರ ಹಾಕಿಸಿಕೊಂಡ ಗಣ್ಯರ ಹೆಸರು ಮರುದಿನದ ಪತ್ರಿಕೆಯಲ್ಲಿರುತ್ತದೆ; ಪೋಣಿಸಿದ ಕೈಯ ಹೆಸರಿರುವುದಿಲ್ಲ. ಖಾರಕ್ಕಿಂತ ಕೆಂಪಿಗೇ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣವೂ ತುಟಿರಂಗಿಗೆ ಸೇರುತ್ತದೆ. ಬಣ್ಣ ಹಚ್ಚಿಕೊಂಡವರಿಗೆ ಅದನ್ನು ಬೆಳೆದ ಹೊಲದ ನೆನಪೆಲ್ಲಿಯದು?

ಹಳ್ಳಿಯ ನಾಟಕದ ಕರಪತ್ರದಲ್ಲಿ ಉದ್ಘಾಟಕರಿಂದ ಮೊದಲುಗೊಂಡು ದೇಣಿಗೆ ಕೊಟ್ಟವರವರೆಗೆ ಎಲ್ಲರ ಹೆಸರೂ ಇರುತ್ತವೆ. ವೇಷ ಹೊಲಿದವರಿಗಾಗಿ ಅದರಲ್ಲಿ ಒಂದು ಸಾಲು ಸೇರಿಸಿದರೆ ಕಾಗದವೇನೂ ಸಾಲದಾಗದು. ನಾವು ಅಧ್ಯಾಪಕರೂ ಒಂದು ಕೆಲಸ ಮಾಡಬಹುದು: ವಿದ್ಯಾರ್ಥಿಯೊಬ್ಬ ಅಳುಕುತ್ತ ತನ್ನ ಪ್ರೀತಿಯ ಕಸುಬನ್ನು ಹೆಸರಿಸಿದಾಗ, ರಾಣೆಬೆನ್ನೂರಿನ ರತಿ-ಕಾಮರಂತೆ, ನಗದೆ ಕುಳಿತು ಕೇಳಬಹುದು. ಆ ಹುಡುಗನ ಮುಂದಿನ ಅರ್ಜಿಯಲ್ಲಿ ಏನು ಬರೆದಿರುತ್ತದೆಂದು ನೋಡುವ ಕುತೂಹಲ ನನಗಿದೆ.